ಬಿಎಂಆರ್ ಕಂಪ್ಯೂಟರಿಗೆ ಹೋಗಬೇಕೆ? ತೂಕದ ಕೋಣೆಯಿಂದ ಶುರು ಮಾಡಿ

ಪೀಣ್ಯದಲ್ಲೋ ಬೀದರ್‌ನ ಕೊಳಾರದಲ್ಲೋ ಇರುವ ಸಣ್ಣ ಮಾತ್ರೆ ಕಾರ್ಖಾನೆಯ ಕ್ಯೂಎ (ಗುಣಮಟ್ಟ ಖಾತರಿ ವಿಭಾಗ) ಕೋಣೆಗೆ ಹೋಗಿ ನೋಡಿ. ಗೋಡೆ ತುಂಬ ಫೈಲು. ಒಂದೊಂದು ಬ್ಯಾಚಿಗೂ ಒಂದು ಬಿಎಂಆರ್ (ಬ್ಯಾಚ್ ಮ್ಯಾನುಫ್ಯಾಕ್ಚರಿಂಗ್ ರೆಕಾರ್ಡ್), ಅಂದರೆ ಆ ಬ್ಯಾಚಿನ ಜಾತಕ. ಯಾವ ಪುಡಿ ಎಷ್ಟು ತೂಗಿದರು, ಯಾರು ತೂಗಿದರು, ಪಕ್ಕದಲ್ಲಿ ನಿಂತು ಯಾರು ನೋಡಿದರು, ಎಲ್ಲವೂ ಅದರಲ್ಲಿರಬೇಕು.

2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಶೆಡ್ಯೂಲ್ ಎಂ, ಅಂದರೆ ಔಷಧ ಕಾರ್ಖಾನೆ ಪಾಲಿಸಬೇಕಾದ ನಿಯಮಗಳನ್ನು ಬಿಗಿ ಮಾಡಿತು. ಕಾಗದ ಬಿಟ್ಟುಬಿಡಿ ಎಂದು ಅದು ಹೇಳುವುದಿಲ್ಲ. ಆದರೆ ಕಂಪ್ಯೂಟರ್ ಬಳಸುವುದಾದರೆ, ಆ ವ್ಯವಸ್ಥೆ ಸರಿಯಾಗಿ ಕೆಲಸ ಮಾಡುತ್ತದೆ ಎಂದು ಪರೀಕ್ಷೆ ಮಾಡಿ ತೋರಿಸಬೇಕು.

ಮೊದಲ ಕೆಲಸ, ಡೆಮೊಗೆ ಯಾರನ್ನೂ ಕರೆಯಬೇಡಿ. ಡೆಮೊ ದಿನ ಎಲ್ಲ ಸಾಫ್ಟ್‌ವೇರೂ ಚಂದವೇ, ಹೆಣ್ಣು ನೋಡುವ ದಿನದ ಉಪ್ಪಿಟ್ಟಿನ ಹಾಗೆ. ಅದರ ಬದಲು ನಿಮ್ಮದೇ ಒಂದು ಬಿಎಂಆರ್ ಹಿಡಿದು, ಆ ಬ್ಯಾಚಿನ ಹಿಂದೆಯೇ ಒಂದಿಡೀ ಪಾಳಿ ನಡೆಯಿರಿ. ಆಪರೇಟರ್ ಎಲ್ಲಿ ಜೇಬಿನ ಚೀಟಿಯಲ್ಲಿ ಗೀಚಿಕೊಂಡು, ಊಟದ ನಂತರ ಬಿಎಂಆರ್‌ಗೆ ಇಳಿಸುತ್ತಾರೆ ಎಂದು ಗುರುತು ಮಾಡಿಕೊಳ್ಳಿ. ಸಾಫ್ಟ್‌ವೇರ್ ಬೇಕಾಗಿರುವುದು ಆ ಚೀಟಿ ಹುಟ್ಟುವ ಜಾಗದಲ್ಲೇ.

ಹೆಚ್ಚಿನ ಕಡೆ ಆ ಜಾಗ ಡಿಸ್ಪೆನ್ಸಿಂಗ್, ಅಂದರೆ ತೂಕದ ಕೋಣೆ. ಅಲ್ಲಿ ಔಷಧವೂ ಬಿಳಿ ಪುಡಿ, ಪಿಷ್ಟವೂ ಬಿಳಿ ಪುಡಿ. ಇಲ್ಲಿ ಆದ ತಪ್ಪು ಮುಂದೆ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ಪ್ರತಿ ಡ್ರಮ್ಮಿಗೂ ಬಾರ್‌ಕೋಡ್ ಅಂಟಿಸಿ. ಅದನ್ನು ಲ್ಯಾಬಿನ ಫಲಿತಾಂಶಕ್ಕೆ ಜೋಡಿಸಿ. ಕ್ವಾರಂಟೈನಿನ, ಅಂದರೆ ಲ್ಯಾಬ್ ಇನ್ನೂ ಪಾಸ್ ಮಾಡಿಲ್ಲದ, ಹಳದಿ ಲೇಬಲ್ ಇರುವ ಡ್ರಮ್ಮನ್ನು ಸ್ಕ್ಯಾನ್ ಮಾಡಿದರೆ ಪರದೆ ಮುಂದೆ ಹೋಗಲೇಬಾರದು. ತೂಕದ ಯಂತ್ರವನ್ನೂ ಕೇಬಲ್ ಹಾಕಿ ನೇರ ಜೋಡಿಸಿ, ಅಂಕಿಯನ್ನು ಕೈಯಲ್ಲಿ ಟೈಪ್ ಮಾಡುವ ಅವಕಾಶವೇ ಬೇಡ.

ಲೆಕ್ಕವನ್ನೂ ಇಲ್ಲೇ ಯಂತ್ರಕ್ಕೆ ಬಿಡಿ. ಬ್ಯಾಚಿಗೆ 50 ಕೆಜಿ ಔಷಧ ಬೇಕು, ಬಂದಿರುವ ಲಾಟಿನಲ್ಲಿ ನೂರಕ್ಕೆ 98 ಭಾಗ ಮಾತ್ರ ಔಷಧ ಇದೆ ಅನ್ನಿ. ಆಗ ತೂಗಬೇಕಾದದ್ದು 51.02 ಕೆಜಿ. ರಾತ್ರಿ ಪಾಳಿಯಲ್ಲಿ ಕ್ಯಾಲ್ಕುಲೇಟರ್ ಒತ್ತಿ ಇದನ್ನು ಮಾಡುವುದು ಸುಮ್ನೆ ತಲೆನೋವು, ಅಲ್ವಾ?

ಇನ್ನು ಪಾಸ್‌ವರ್ಡ್. ಇಡೀ ಪಾಳಿಗೆ ಒಂದೇ ಪಾಸ್‌ವರ್ಡ್, ಅದೂ ಮಾನಿಟರಿಗೆ ಅಂಟಿಸಿಟ್ಟಿದ್ದರೆ, ನೀವು ಹಾಕಿದ ದುಡ್ಡೆಲ್ಲ ನೀರುಪಾಲು. ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಡಿ. ತಿದ್ದಿದರೆ ಹಳೆಯ ಅಂಕಿ ಅಳಿಯಬಾರದು. ಯಾರು, ಯಾವಾಗ, ಯಾಕೆ ತಿದ್ದಿದರು ಎಂಬುದು ತಾನಾಗಿ ದಾಖಲಾಗಬೇಕು. ಇದೇ ಆಡಿಟ್ ಟ್ರಯಲ್. ಅಮೆರಿಕಕ್ಕೆ ಮಾತ್ರೆ ಕಳಿಸುವವರಿಗೆ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1997ರಲ್ಲೇ ಇದನ್ನು ನಿಯಮ ಮಾಡಿದೆ. ಆಡಿಟ್ ಟ್ರಯಲ್ ಆಫ್ ಮಾಡುವ ಗುಂಡಿ ಪ್ರೊಡಕ್ಷನ್ ಮ್ಯಾನೇಜರ್ ಕೈಯಲ್ಲಿ ಇರಬಾರದು. ಎಷ್ಟೇ ಒಳ್ಳೆಯವರಾಗಿರಲಿ.

ಕಂಪ್ರೆಷನ್ (ಪುಡಿ ಒತ್ತಿ ಮಾತ್ರೆ ಮಾಡುವುದು), ಕೋಟಿಂಗ್, ಪ್ಯಾಕಿಂಗ್ ಆಮೇಲೆ. ಮಾತ್ರೆಯ ಪ್ಯಾಕಿನ ಮೇಲಿನ ಕ್ಯೂಆರ್ ಕೋಡ್ ಚಿಂತೆಯೂ ಈಗ ಎಲ್ಲರಿಗೂ ಬೇಡ. 2023ರ ಆಗಸ್ಟ್ 1ರಿಂದ ಅದು ಕಡ್ಡಾಯವಾದದ್ದು ಸರ್ಕಾರದ ಪಟ್ಟಿಯಲ್ಲಿರುವ 300 ಬ್ರ್ಯಾಂಡುಗಳಿಗೆ.

ಶುರು ಮಾಡುವ ಮುಂಚೆ ಸಾಫ್ಟ್‌ವೇರನ್ನು ಬೇಕಂತಲೇ ಕೆಣಕಿ. ತಪ್ಪು ಡ್ರಮ್ ಸ್ಕ್ಯಾನ್ ಮಾಡಿ. ಅವಧಿ ಮೀರಿದ ಲಾಟ್ ತೋರಿಸಿ. ತೂಗುತ್ತಿರುವಾಗಲೇ ಕೇಬಲ್ ಕಿತ್ತುಬಿಡಿ. ಕಂಪ್ಯೂಟರಿನ ಗಡಿಯಾರ ಹಿಂದಕ್ಕೆ ತಿರುಗಿಸಲು ಆಗುತ್ತದಾ ನೋಡಿ, ಆಗಬಾರದು. ಪ್ರತಿಯೊಂದರ ಫಲಿತಾಂಶವನ್ನೂ ಬರೆದು ಸಹಿ ಮಾಡಿಡಿ, ಇನ್‌ಸ್ಪೆಕ್ಟರ್ ಕೇಳುವುದು ಇದನ್ನೇ. ಬ್ಯಾಕಪ್ ಇದೆ ಎಂದರೆ ಸಾಲದು, ಸಾಫ್ಟ್‌ವೇರ್ ಕೊಟ್ಟವರು ಅದರಿಂದ ಒಂದು ಹಳೆಯ ಬ್ಯಾಚಿನ ದಾಖಲೆಯನ್ನು ವಾಪಸ್ ತೆಗೆದು ತೋರಿಸಲಿ. ಕೆಲವು ಬ್ಯಾಚುಗಳನ್ನು ಕಾಗದ, ಕಂಪ್ಯೂಟರ್ ಎರಡರಲ್ಲೂ ಮಾಡಿ ಹೋಲಿಸಿ. ಕೆಲಸ ಜಾಸ್ತಿ ಅಂತ ಹುಡುಗರು ಗೊಣಗುತ್ತಾರೆ, ಗೊಣಗಲಿ.

ಒಂದು ಕಟ್ಟು ಖಾಲಿ ಬಿಎಂಆರ್‌ಗೆ ನಂಬರ್ ಹಾಕಿ ಕ್ಯೂಎ ಬೀರುವಿನಲ್ಲಿ ಬೀಗ ಹಾಕಿಡಿ. ಸರ್ವರ್ ಮಲಗಿದ ದಿನ ಅದೇ ಗತಿ. ಸರ್ವರ್ ಎದ್ದ ಮೇಲೆ ಆ ಹಾಳೆಗಳು ಸ್ಕ್ಯಾನ್ ಆಗಿ, ಅದೇ ಬ್ಯಾಚಿನ ದಾಖಲೆಯ ಜೊತೆ ಸೇರಬೇಕು.