ನಡುಮನೆಯಲ್ಲಿ ಹಾಡು ಕಟ್ಟುವವರ ಸಂಜೆಯನ್ನು ಏರ್ಪಡಿಸುವ ಬಗೆ

ಹಾಡು ಕಟ್ಟುವ ನಾಲ್ವರನ್ನು ಒಂದೇ ಜಮಖಾನದ ಮೇಲೆ ಕೂರಿಸಿ, ಹಾಡನ್ನೂ ಅದು ಹುಟ್ಟಿದ ಸಂದರ್ಭವನ್ನೂ ಒಬ್ಬರಾದ ಮೇಲೊಬ್ಬರು ಹಂಚಿಕೊಳ್ಳುವಂತೆ ಮಾಡಲು ಸಭಾಂಗಣವಾಗಲಿ, ಧ್ವನಿವರ್ಧಕವಾಗಲಿ ಬೇಕಿಲ್ಲ. ಇಪ್ಪತ್ತೈದು ಜನ ಹಿಡಿಸುವ ನಡುಮನೆ ಸಾಕು. ಆದರೆ ಕೇಳುಗರ ಮೌನವನ್ನೂ ಹಾಡುವವರ ಸರಿಸಮಾನತೆಯನ್ನೂ ಆತಿಥೇಯರು ಮೊದಲೇ ಯೋಚಿಸಿ ಕಾಪಾಡದಿದ್ದರೆ, ಆ ಸಂಜೆ ಮತ್ತೊಂದು ಮಾಮೂಲಿ ಗಾಯನ ಕಾರ್ಯಕ್ರಮವಾಗಿಬಿಡುತ್ತದೆ.

ಅಮೆರಿಕದ ನ್ಯಾಶ್‌ವಿಲ್ ನಗರದ ಬ್ಲೂಬರ್ಡ್ ಕೆಫೆಯಲ್ಲಿ ಕೂರಲು ಸ್ಥಳವಿರುವುದು ಸುಮಾರು 90 ಜನರಿಗೆ ಮಾತ್ರ. 1982ರಲ್ಲಿ ಆರಂಭವಾದ ಆ ಕೆಫೆಯಲ್ಲಿ, 1985ರಲ್ಲಿ ನಾಲ್ವರು ಹಾಡುಬರಹಗಾರರು ವೇದಿಕೆಯನ್ನು ಬಿಟ್ಟು ಕೋಣೆಯ ನಡುವೆ ಎದುರುಬದುರಾಗಿ ಕುಳಿತು ಸರದಿಯಂತೆ ಹಾಡಿದ ಮೇಲೆ ಈ ಕ್ರಮ ಪ್ರಸಿದ್ಧವಾಯಿತು. ತತ್ವಪದದ ಭಜನೆಗೆ ಏಕತಾರಿ, ತಾಳಗಳೊಡನೆ ದುಂಡಗೆ ಕೂರುವವರನ್ನು ಕಂಡ ನಮಗೆ ಈ ಏರ್ಪಾಡು ಅಪರಿಚಿತವೇನಲ್ಲ.

ಮೊದಲ ಕೆಲಸ ಆಹ್ವಾನ. ಕನ್ನಡದ ಭಾವಗೀತೆಯಲ್ಲಿ ಕವಿ, ರಾಗ ಸಂಯೋಜಕರು ಮತ್ತು ಗಾಯಕರು ಸಾಮಾನ್ಯವಾಗಿ ಬೇರೆ ಬೇರೆಯವರಾಗಿರುತ್ತಾರೆ. ಬರೆದು, ರಾಗ ಹಾಕಿ, ಹಾಡುವ ಮೂರನ್ನೂ ಒಬ್ಬರೇ ಮಾಡಬೇಕೆಂದು ಪಟ್ಟು ಹಿಡಿದರೆ ಒಳ್ಳೆಯ ಹಾಡುಗಳು ಹೊರಗುಳಿಯುತ್ತವೆ. ಆದ್ದರಿಂದ ಕವಿಯನ್ನೂ ಸಂಯೋಜಕರನ್ನೂ ಜೋಡಿಯಾಗಿ ಕರೆದು ಅವರಿಬ್ಬರಿಗೂ ಸೇರಿ ಒಂದೇ ಸರದಿ ಕೊಡುವುದು ನನ್ನ ರೂಢಿ. ಸಾಲು ಹುಟ್ಟಿದ್ದು ಹೇಗೆಂದು ಕವಿ ಹೇಳಿದ ಬಳಿಕ, ಎರಡನೆಯ ಚರಣದಲ್ಲಿ ರಾಗವನ್ನು ಏಕೆ ಬದಲಿಸಿದೆನೆಂದು ಸಂಯೋಜಕರು ಹೇಳುವಾಗ, ಒಂದೇ ಹಾಡಿನ ಎರಡು ಹುಟ್ಟುಗಳು ಕೇಳುಗರ ಕಣ್ಣೆದುರು ತೆರೆದುಕೊಳ್ಳುತ್ತವೆ. ಈ ಭಾಗ್ಯ ಬೇರೆ ಕಡೆಗಿಂತ ನಮ್ಮಲ್ಲೇ ಹೆಚ್ಚು ಸುಲಭವಾಗಿ ಸಿಗುತ್ತದೆ ಎಂದು ನಾನು ನಂಬಿದ್ದೇನೆ.

ನಾಲ್ಕು ಸರದಿ, ಮೂರು ಸುತ್ತು, ಪ್ರತಿ ಸರದಿಗೆ ಕಥೆ ಮತ್ತು ಹಾಡು ಸೇರಿ ಎಂಟು ನಿಮಿಷ ಎಂದಿಟ್ಟುಕೊಂಡರೆ ಒಟ್ಟು 96 ನಿಮಿಷಗಳಾಗುತ್ತವೆ. ಸಂಜೆ ಆರಕ್ಕೆ ಆರಂಭಿಸಿದರೆ ಎಂಟರೊಳಗೆ ನೆಮ್ಮದಿಯಿಂದ ಮುಗಿಯುತ್ತದೆ. ಹಿರಿಯರೆಂಬ ಕಾರಣಕ್ಕೆ ಯಾರಿಗೂ ಸತತವಾಗಿ ಎರಡು ಹಾಡುಗಳನ್ನು ಬಿಟ್ಟುಕೊಡಬಾರದು. ನಾನು ಏರ್ಪಡಿಸಿದ ಮೊದಲ ಸಂಜೆಯಲ್ಲಿ ಸಂಕೋಚದಿಂದ ಹಾಗೆ ಬಿಟ್ಟುಕೊಟ್ಟೆ. ಕೊನೆಯ ಸರದಿಗೆ ಕಾದಿದ್ದ ಹುಡುಗಿ ಒಂದೇ ಹಾಡು ಹಾಡಿ ಎದ್ದು ಹೋದಳು, ಅದು ನನ್ನನ್ನು ಇಂದಿಗೂ ಕಾಡುತ್ತದೆ.

ಹಾಡುವವರು ನಡುವೆ ಒಳಮುಖವಾಗಿ ಕೂರಲಿ, ಕೇಳುಗರು ಸುತ್ತಲೂ ಇರಲಿ. ಕೆಲವರ ಬೆನ್ನು ಕೆಲವರಿಗೆ ಕಾಣುವುದು ಅನಿವಾರ್ಯವಾದರೂ, ಹಾಡುವವರು ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದರೆ ಮೂರನೆಯ ಸುತ್ತಿನ ವೇಳೆಗೆ ಒಬ್ಬರ ಪಲ್ಲವಿಗೆ ಇನ್ನೊಬ್ಬರು ತಾವಾಗಿಯೇ ದನಿಗೂಡಿಸುತ್ತಾರೆ.

ಶ್ರುತಿಯ ವಿಷಯವನ್ನು ಹಿಂದಿನ ದಿನವೇ ಕೇಳಿಕೊಳ್ಳಬೇಕು. ಹಾರ್ಮೋನಿಯಂ ಮನೆಗಳ ಬಣ್ಣ, ಎಣಿಕೆಗಳಿಂದ ಶ್ರುತಿಯನ್ನು ಹೆಸರಿಸುವ ರೂಢಿಯಂತೆ, ಗಂಡಸರು ಸಾಮಾನ್ಯವಾಗಿ ಬಿಳಿ ಒಂದು ಅಥವಾ ಕಪ್ಪು ಒಂದರಲ್ಲಿಯೂ ಹೆಂಗಸರು ಬಿಳಿ ಐದು ಅಥವಾ ಕಪ್ಪು ನಾಲ್ಕರ ಆಸುಪಾಸಿನಲ್ಲಿಯೂ ಹಾಡುತ್ತಾರೆ. ಹಾಡಿಗೊಮ್ಮೆ ತಬಲಾ ಶ್ರುತಿ ಮಾಡುತ್ತ ಕುಳಿತರೆ ಸಂಜೆಯ ಬಿಗಿ ಸಡಿಲವಾಗುತ್ತದೆ. ಕಪ್ಪು ಒಂದಕ್ಕೆ ಕೂಡಿಸಿದ ತಬಲಾ ಆ ಶ್ರುತಿಯವರಿಗೆ ಷಡ್ಜ (ಸ) ಆದರೆ, ಕಪ್ಪು ನಾಲ್ಕರಲ್ಲಿ ಹಾಡುವವರಿಗೆ ಮಧ್ಯಮವಾಗಿ (ಮ) ಒದಗುತ್ತದೆ. ಗಿಟಾರಿನವರು ಮೊದಲ ಮನೆಗೆ ಕೇಪೋ (ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು) ಹಾಕಿ ಬಿಳಿ ಒಂದರ ಬೆರಳುವಿನ್ಯಾಸದಲ್ಲೇ ಕಪ್ಪು ಒಂದಕ್ಕೆ ಹೊಂದಿಕೊಳ್ಳಬಹುದು.

ಕಥೆಯೇ ಈ ಸಂಜೆಯ ಕಠಿಣ ಭಾಗ. ಹಾಡಿನ ಅರ್ಥವನ್ನು ವಿವರಿಸಬೇಡಿರೆಂದು ಆಹ್ವಾನಿಸುವಾಗಲೇ ವಿನಂತಿಸಿಕೊಳ್ಳಿ. ಯಾವ ಊರಿನ ಯಾವ ಬಸ್ಸಿನಲ್ಲಿ ಮೊದಲ ಸಾಲು ಹೊಳೆಯಿತು, ಯಾವ ಪದವನ್ನು ಎಷ್ಟು ಸಲ ಹೊಡೆದುಹಾಕಬೇಕಾಯಿತು, ಯಾರಿಗೆ ಮೊದಲು ಹಾಡಿ ತೋರಿಸಿದಿರಿ ಎಂಬಂಥ, ಹಾಡು ತಾನಾಗಿ ಹೇಳಲಾರದ ಸಂಗತಿಗಳನ್ನು ಎರಡು ಮೂರು ನಿಮಿಷಗಳಲ್ಲಿ ಹೇಳಿದರೆ ಸಾಕು. ಮಾತು ಬಾರದವರಿಗೆ ಆತಿಥೇಯರು ಇಂಥದೊಂದು ಪ್ರಶ್ನೆ ಕೇಳಿ ಸುಮ್ಮನಾಗಬೇಕು. ಮುಗಿಯದ ಹಾಡೊಂದನ್ನು ಹಾಡಲು ಕೊನೆಯ ಸುತ್ತಿನಲ್ಲಿ ಪ್ರೋತ್ಸಾಹಿಸಿ. ಅದನ್ನು ಕೇಳುವಾಗ ಕೋಣೆಯಲ್ಲಿ ಮೂಡುವ ಏಕಾಗ್ರತೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮೈಕು ಬೇಡ. ಬಡಾವಣೆಗಳಲ್ಲಿ ಹಗಲಿನ ಶಬ್ದಮಿತಿ 55 ಡೆಸಿಬೆಲ್, ರಾತ್ರಿ ಹತ್ತರ ನಂತರ 45 ಎಂಬ ನಿಯಮವಿದೆ. ಅದಿರಲಿ, ಬರಿಯ ದನಿಯನ್ನು ಕೇಳಲು ಜನ ತಾವಾಗಿಯೇ ಮೌನವಾಗುತ್ತಾರೆ. ಫ್ಯಾನಿನ ಸದ್ದು, ಕುಕ್ಕರಿನ ಸೀಟಿ, ಕರೆಗಂಟೆ ಇವುಗಳನ್ನು ಮೊದಲೇ ನಿಲ್ಲಿಸಿ.

ಧ್ವನಿಮುದ್ರಿಸುವುದಾದರೆ ಪ್ರತಿಯೊಬ್ಬ ಹಾಡುಗಾರರ ಒಪ್ಪಿಗೆ ಪಡೆಯಿರಿ. ಬೇರೊಬ್ಬ ಕವಿಯ ಪದ್ಯಕ್ಕೆ ರಾಗ ಹಾಕಿದ್ದಾದರೆ ಇನ್ನೊಂದು ಎಚ್ಚರ ಅಗತ್ಯ: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಕವಿ ತೀರಿಕೊಂಡ 60 ವರ್ಷಗಳವರೆಗೆ ಹಕ್ಕು ಉಳಿದಿರುತ್ತದೆಯಾದ್ದರಿಂದ, ಅನುಮತಿಯಿಲ್ಲದೆ ಅದನ್ನು ಅಂತರ್ಜಾಲಕ್ಕೆ ಏರಿಸಬಾರದು. ಮುಗಿಯದ ಹಾಡನ್ನಂತೂ ಮುದ್ರಿಸಲೇಬೇಡಿ.

ಬಾಗಿಲ ಬಳಿ ಒಂದು ಹುಂಡಿ ಇಟ್ಟು, ಸಂಗ್ರಹವಾದ ಹಣವನ್ನು ಅಂದೇ ಎಲ್ಲರಿಗೂ ಸಮನಾಗಿ ಹಂಚಿ. ಉಪ್ಪಿಟ್ಟು, ಕಾಫಿಗಳನ್ನು ಹಾಡು ಮುಗಿದ ಮೇಲೆಯೇ ಕೊಡಿ, ಅದಕ್ಕೆ ಅರ್ಧ ಗಂಟೆಯನ್ನಾದರೂ ಮೀಸಲಿಡಿ. ನಡುವೆ ಕೇಳಲು ಹಿಂಜರಿದ ಪ್ರಶ್ನೆಗಳನ್ನು ಹಿಡಿದು ಕೇಳುಗರು ಕವಿಗಳ ಬಳಿಗೆ ಹೋಗುವುದು ಆಗಲೇ.