ಮೀನಿನ ತೊಟ್ಟಿಯಲ್ಲಿ ಶಹಾಬಾದ್ ಕಲ್ಲು ಇದೆಯೇ?

ಕಲಬುರಗಿಯಲ್ಲಿ ಮನೆಯೊಳಗೆ ಮೀನು ಸಾಕುವವರಿಗೆ ಒಂದು ಮಾತು. ತೊಟ್ಟಿಯ ಪಿಎಚ್ (ನೀರು ಎಷ್ಟು ಹುಳಿ, ಎಷ್ಟು ಕ್ಷಾರ ಎಂಬ ಅಳತೆ) 8 ದಾಟಿ ಇಳಿಯುತ್ತಲೇ ಇಲ್ಲವೆಂದರೆ, ಔಷಧಿ ತರುವ ಮೊದಲು ತಳದ ಕಲ್ಲುಗಳನ್ನು ನೋಡಿ. ನೆಲಹಾಸಿಗೆ ತಂದು ಉಳಿದಿದ್ದ ಶಹಾಬಾದ್ ಕಲ್ಲಿನ ಚೂರುಗಳನ್ನು ನಾನು ಅಂದಕ್ಕೆಂದು ಜೋಡಿಸಿದ್ದೆ. ಅದು ಸುಣ್ಣದ ಕಲ್ಲು. ನಿಧಾನವಾಗಿ ಕರಗಿ ನೀರಿನ ಗಡಸುತನವನ್ನೂ ಪಿಎಚ್ ಅನ್ನೂ ಏರಿಸುತ್ತದೆ. ಒಣಗಿದ ಚೂರನ್ನು ಕೆರೆದು, ಆ ಪುಡಿಯ ಮೇಲೆ ಎರಡು ಹನಿ ವಿನೆಗರ್ ಬಿಡಿ. ಬುಸುಗುಟ್ಟಿ ಗುಳ್ಳೆ ಎದ್ದರೆ ಆ ಕಲ್ಲು ತುಳಸಿಕಟ್ಟೆಗೇ ಸರಿ.

ಕೊಳವೆಬಾವಿಯ ನೀರೇ ಗಡುಸಾಗಿದ್ದರೆ ವಾರಕ್ಕೊಮ್ಮೆ ಐದನೇ ಒಂದು ಭಾಗವನ್ನು ತೆಗೆದು, ಹೊಸದಾಗಿ ಹಾಕುವ ನೀರಿನಲ್ಲಿ ಅರ್ಧದಷ್ಟು ಆರ್‌ಒ (ಶುದ್ಧೀಕರಣ ಯಂತ್ರದ) ನೀರು ಬೆರೆಸಿ ತುಂಬಿ. ಬರೀ ಆರ್‌ಒ ನೀರು ಬೇಡ, ಅದರಲ್ಲಿ ಮೀನಿಗೆ ಬೇಕಾದ ಲವಣಗಳಿರುವುದಿಲ್ಲ. ಲಿಂಬೆರಸ ಹಿಂಡುವ ಸಲಹೆಗಂತೂ ಕಿವಿಗೊಡಬೇಡಿ: ಗಡಸು ನೀರಿನಲ್ಲಿ ಇಳಿದ ಪಿಎಚ್ ಮತ್ತೆ ಏರುತ್ತದೆ, ಆ ಏರಿಳಿತವೇ ಮೀನಿಗೆ ಹೆಚ್ಚು ಅಪಾಯ. ಪಿಎಚ್ ಹೆಚ್ಚಿದ್ದಾಗ, ಮೀನಿನ ಮಲ ಮತ್ತು ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾದ ವಿಷವೂ ಹೆಚ್ಚುವುದರಿಂದ ಆಹಾರವನ್ನು ಮಿತವಾಗಿ ಹಾಕಿ.

ಗಪ್ಪಿ, ಮೋಲಿ ಸಾಕಿದ್ದೀರಾ? 7.8 ಇದ್ದರೂ ಅವು ಆರಾಮವಾಗಿರುತ್ತವೆ, ಸುಮ್ಮನೆ ಬಿಟ್ಟುಬಿಡಿ.