ಗೋಜಲು ಪತ್ತೇದಾರಿ ಚಿತ್ರವನ್ನು ತೂಗುವ ಬಗೆ

ಮೊದಲ ಸಲ ನೋಡುವಾಗ ಕೊಲೆಗಾರ ಯಾರೆಂದು ತಲೆ ಕೆಡಿಸಿಕೊಳ್ಳಬೇಡಿ. ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ: ಈ ದೃಶ್ಯದಲ್ಲಿ ಪತ್ತೇದಾರನಿಗೆ ಏನು ಬೇಕು? ಅದು ತಿಳಿಯುತ್ತಿದ್ದರೆ ಕಥೆ ಎಷ್ಟು ಸಿಕ್ಕಾದರೂ ಚಿತ್ರ ನಮ್ಮ ಕೈಬಿಡುವುದಿಲ್ಲ. 1946ರ ‘ದಿ ಬಿಗ್ ಸ್ಲೀಪ್’ನಲ್ಲಿ ಕಾರು ಚಾಲಕನನ್ನು ಕೊಂದವರು ಯಾರೆಂಬುದು ಕೊನೆಗೂ ಸ್ಪಷ್ಟವಾಗುವುದಿಲ್ಲ. ಆದರೂ ಹೊರಗೆ ಮಳೆ, ಒಳಗೆ ಪುಸ್ತಕದಂಗಡಿಯಾಕೆ ಬಾಗಿಲಿನ ಪರದೆ ಇಳಿಸಿ ಕನ್ನಡಕ ತೆಗೆಯುವ ಆ ಗಳಿಗೆ ನನ್ನ ಕಣ್ಣಿನಿಂದ ಮಾಸಿಲ್ಲ.

ಶೈಲಿಯನ್ನೂ ಹೀಗೇ ಪರೀಕ್ಷಿಸಿ. ಕಿಟಕಿಯ ಪಟ್ಟಿಗಳ ನೆರಳು ಮುಖದ ಮೇಲೆ ಬಿದ್ದಾಗ ಆ ಪಾತ್ರದ ಅಂಜಿಕೆಯೋ ಕಪಟವೋ ಕಾಣಬೇಕು. ಬರೀ ಚೆಂದಕ್ಕೆ ಬಿದ್ದ ನೆರಳಿಗೆ ನಾನು ಅಂಕ ಕೊಡುವುದಿಲ್ಲ.

ಎರಡನೆಯ ಸಲ ಸುಳಿವುಗಳನ್ನು ಹುಡುಕಿ. ಅವು ಕಣ್ಣೆದುರೇ ಇದ್ದಿದ್ದರೆ ಗೋಜಲು ಬೇಕೆಂದೇ ಹೆಣೆದದ್ದು. ಕೊನೆಯಲ್ಲಿ ಯಾರೋ ನಿಂತು ಎಲ್ಲವನ್ನೂ ಬಿಡಿಸಿ ಹೇಳಬೇಕಾಯಿತೆಂದರೆ, ನಾನು ಧಾರಾಳವಾಗಿ ಅಂಕ ಕಳೆಯುತ್ತೇನೆ.